ಹಳೆಯ ಮಾದರಿಯ ಬಿಸಿನೆಸ್ ಜೆಟ್ ವಿಮಾನಗಳು: ಉಪಕರಣ ಮತ್ತು ವ್ಯವಸ್ಥೆಗಳಲ್ಲಿನ ವ್ಯತ್ಯಾಸಗಳು – ಹಾಸನ ಜಿಲ್ಲೆಯ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಹಾಸನ ನಗರದ ಸಮೀಪದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ನಿರ್ಮಿಸುವ ಯೋಜನೆಗೆ 2007ರಲ್ಲಿ ಶಂಕುಸ್ಥಾಪನೆಯಾಯಿತು. ಬಹುಕಾಲ ಸ್ಥಗಿತಗೊಂಡಿದ್ದ ಈ ಯೋಜನೆಗೆ 2021ರಲ್ಲಿ ಮರುಚಾಲನೆ ನೀಡಲಾಯಿತು. ಅಂದಿನಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ನಾಗರಿಕರಲ್ಲಿ ವಿಮಾನಯಾನದ ಬಗ್ಗೆ ಆಸಕ್ತಿ ಹೆಚ್ಚಿರುವುದು ಸಹಜವಾಗಿದೆ. ಆದರೆ ವಿಮಾನವೆಂದರೆ ನೂರಾರು ಆಸನಗಳ ದೊಡ್ಡ ವಿಮಾನ ಮಾತ್ರವಲ್ಲ. ಆರರಿಂದ ಹತ್ತು ಮಂದಿ ಪ್ರಯಾಣಿಸಬಹುದಾದ, ಎರಡು ಜೆಟ್ ಎಂಜಿನ್‌ಗಳುಳ್ಳ ಸಣ್ಣ ವಿಮಾನಗಳೂ ಇವೆ. ಇವುಗಳನ್ನು ಬಿಸಿನೆಸ್ ಜೆಟ್ ಎಂದು ಕರೆಯಲಾಗುತ್ತದೆ. ಉದ್ಯಮಿಗಳು ಮತ್ತು ಗಣ್ಯರ ಪ್ರಯಾಣಕ್ಕಲ್ಲದೆ, ತೀವ್ರ ಅಸ್ವಸ್ಥರಾದ ರೋಗಿಗಳನ್ನು ದೂರದ ಆಸ್ಪತ್ರೆಗೆ ಸಾಗಿಸುವ ಏರ್ ಆಂಬುಲೆನ್ಸ್ ಸೇವೆಗೂ ಇವು ಬಳಕೆಯಾಗುತ್ತವೆ.

ಸಾಮಾನ್ಯ ಕುಟುಂಬವೊಂದು ಇಂತಹ ವಿಮಾನದ ವಿಚಾರಕ್ಕೆ ಬರುವುದು ಬಹುತೇಕ ಈ ಕೊನೆಯ ಸಂದರ್ಭದಲ್ಲಿಯೇ. ಅಂತಹ ಗಳಿಗೆಯಲ್ಲಿ ವಿಮಾನದ ಹೆಸರನ್ನಷ್ಟೇ ಕೇಳಿ ಹಣ ಪಾವತಿಸುವುದು ಸರಿಯಲ್ಲ. ಒಂದೇ ಹೆಸರಿನ ಎರಡು ಹಳೆಯ ವಿಮಾನಗಳಲ್ಲಿ ಎಂಜಿನ್, ವಿದ್ಯುತ್ ವ್ಯವಸ್ಥೆ, ಬ್ರೇಕ್, ದಿಕ್ಸೂಚಿ ಉಪಕರಣಗಳು ಬೇರೆ ಬೇರೆಯಾಗಿರಬಹುದು. ಆ ವ್ಯತ್ಯಾಸಗಳು ಯಾವುವು ಮತ್ತು ಅವು ಏಕೆ ಮುಖ್ಯ ಎಂಬುದನ್ನು ಈ ಲೇಖನದಲ್ಲಿ ಸರಳವಾಗಿ ವಿವರಿಸಲಾಗಿದೆ.

2. ಹೆಸರು ಒಂದೇ ಆದರೂ ವಿಮಾನ ಒಂದೇ ಅಲ್ಲ

ಟ್ರ್ಯಾಕ್ಟರ್ ಹೊಂದಿರುವ ರೈತರಿಗೆ ಈ ವಿಷಯ ಹೊಸದೇನಲ್ಲ. ಬಿಡಿಭಾಗ ಕೊಳ್ಳಲು ಅಂಗಡಿಗೆ ಹೋದಾಗ ಕಂಪನಿಯ ಹೆಸರು ಹೇಳಿದರೆ ಸಾಲದು. ಮಾದರಿ, ತಯಾರಾದ ವರ್ಷ ಮತ್ತು ಚಾಸಿ ಸಂಖ್ಯೆಯನ್ನು ಕೇಳಲಾಗುತ್ತದೆ. ವಿಮಾನಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಪ್ರತಿಯೊಂದು ವಿಮಾನಕ್ಕೂ ತಯಾರಕರು ನೀಡಿದ ಕ್ರಮಸಂಖ್ಯೆ ಇರುತ್ತದೆ. ನಿರ್ವಹಣಾ ಕೈಪಿಡಿಯ ಅನೇಕ ಪುಟಗಳಲ್ಲಿ ಇಂತಹ ಕ್ರಮಸಂಖ್ಯೆಯಿಂದ ಇಂತಹ ಕ್ರಮಸಂಖ್ಯೆಯವರೆಗೆ ಮಾತ್ರ ಅನ್ವಯ ಎಂದು ನಮೂದಿಸಿರಲಾಗುತ್ತದೆ.

ವ್ಯತ್ಯಾಸಗಳು ಉಂಟಾಗಲು ಮುಖ್ಯವಾಗಿ ಮೂರು ಕಾರಣಗಳಿವೆ.

ಅ) ತಯಾರಕರೇ ಕಾಲಕಾಲಕ್ಕೆ ಹೊಸ ಮಾದರಿಯನ್ನು ಹೊರತರುವುದು.
ಆ) ಮೊದಲ ಖರೀದಿದಾರರು ಕೆಲವು ಉಪಕರಣಗಳನ್ನು ಐಚ್ಛಿಕವಾಗಿ ಪಡೆಯುವುದು ಅಥವಾ ಬಿಟ್ಟುಬಿಡುವುದು.
ಇ) ವಿಮಾನವು ಹಲವು ಮಾಲೀಕರ ಕೈ ಬದಲಾಗುವ ಅವಧಿಯಲ್ಲಿ ಎಂಜಿನ್, ರೇಡಿಯೊ, ದಿಕ್ಸೂಚಿ ಉಪಕರಣ ಮುಂತಾದವನ್ನು ಅನುಮೋದನೆ ಪಡೆದು ಬದಲಾಯಿಸುವುದು.

ಹೀಗಾಗಿ ಮೂವತ್ತು ವರ್ಷ ಹಾರಾಟ ನಡೆಸಿದ ಎರಡು ವಿಮಾನಗಳು ಕಾರ್ಖಾನೆಯಿಂದ ಒಂದೇ ತಿಂಗಳಿನಲ್ಲಿ ಹೊರಬಂದಿದ್ದರೂ ಇಂದು ಒಂದರಂತೆ ಮತ್ತೊಂದು ಇರುವುದಿಲ್ಲ.

3. ಪ್ರಮುಖ ವಿಮಾನ ಕುಟುಂಬಗಳು

3.1 ಎಚ್.ಎಸ್.-125 ಮತ್ತು ಹಾಕರ್ ಶ್ರೇಣಿ

ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಸಂಸ್ಥೆ ವಿನ್ಯಾಸಗೊಳಿಸಿದ ಈ ವಿಮಾನವು 1962ರ ಆಗಸ್ಟ್ 13ರಂದು ಮೊದಲ ಬಾರಿಗೆ ಹಾರಿತು. ನಂತರದ ವರ್ಷಗಳಲ್ಲಿ ಇದು ಹಾಕರ್ ಸಿಡ್ಲಿ, ಬ್ರಿಟಿಷ್ ಏರೋಸ್ಪೇಸ್, ರೇಥಿಯಾನ್ ಮತ್ತು ಹಾಕರ್ ಬೀಚ್‌ಕ್ರಾಫ್ಟ್ ಸಂಸ್ಥೆಗಳ ಹೆಸರಿನಲ್ಲಿ ತಯಾರಾಯಿತು. ಆರಂಭದಿಂದ 600ನೇ ಸರಣಿಯವರೆಗಿನ ವಿಮಾನಗಳಲ್ಲಿ ವೈಪರ್ ಎಂಬ ಟರ್ಬೊಜೆಟ್ ಎಂಜಿನ್‌ಗಳಿದ್ದವು. ಇವು ಹೆಚ್ಚು ಶಬ್ದ ಮಾಡುತ್ತಿದ್ದವು ಮತ್ತು ಹೆಚ್ಚು ಇಂಧನವನ್ನು ಬಳಸುತ್ತಿದ್ದವು. 1976ರಲ್ಲಿ ಹಾರಿದ 700ನೇ ಸರಣಿಯಲ್ಲಿ ಗ್ಯಾರೆಟ್ ಸಂಸ್ಥೆಯ ಟಿ.ಎಫ್.ಇ.-731 ಟರ್ಬೊಫ್ಯಾನ್ ಎಂಜಿನ್ ಅಳವಡಿಸಲಾಯಿತು. ಈ ಎಂಜಿನ್‌ನ ಮುಂಭಾಗದ ಫ್ಯಾನ್ ಎಳೆದುಕೊಳ್ಳುವ ಗಾಳಿಯಲ್ಲಿ ಬಹುಪಾಲು ದಹನವಾಗದೆ ಹೊರಗಿನಿಂದಲೇ ಹಿಂದಕ್ಕೆ ಸಾಗುವುದರಿಂದ ಇಂಧನದ ಉಳಿತಾಯವಾಗುತ್ತದೆ ಹಾಗೂ ಶಬ್ದ ಕಡಿಮೆಯಾಗುತ್ತದೆ.

1983ರಲ್ಲಿ ಹಾರಿದ 800ನೇ ಸರಣಿಯಲ್ಲಿ ಬಾಗಿದ ಮುಂಗಾಜು, ಸುಧಾರಿತ ರೆಕ್ಕೆ, ಹೆಚ್ಚಿನ ಇಂಧನ ಸಾಮರ್ಥ್ಯ, ಪ್ರತಿ ಎಂಜಿನ್‌ಗೆ 4,300 ಪೌಂಡ್ ನೂಕುಬಲ ಮತ್ತು ಪರದೆಯ ಮೇಲೆ ಮಾಹಿತಿ ತೋರಿಸುವ ಚಾಲಕ ಕೋಣೆ ಬಂದವು. 1990ರ ದಶಕದ 800 ಎಕ್ಸ್.ಪಿ. ಮಾದರಿಯಲ್ಲಿ ನೂಕುಬಲವು 4,660 ಪೌಂಡ್‌ಗೆ ಏರಿತು. 850 ಎಕ್ಸ್.ಪಿ. ಮಾದರಿಗೆ ರೆಕ್ಕೆಯ ತುದಿಯಲ್ಲಿ ಮೇಲ್ಮುಖವಾದ ವಿಂಗ್‌ಲೆಟ್‌ಗಳನ್ನು ಜೋಡಿಸಲಾಯಿತು. 1000ನೇ ಸರಣಿಯಲ್ಲಿ ಮಾತ್ರ ಪ್ರಾಟ್ ಅಂಡ್ ವಿಟ್ನಿ ಕೆನಡಾ ಸಂಸ್ಥೆಯ ಪಿ.ಡಬ್ಲ್ಯು.-305 ಎಂಬ ಬೇರೆಯೇ ಎಂಜಿನ್ ಇದೆ.

3.2 ಸೆಸ್ನಾ ಸಿಟೇಶನ್ ಶ್ರೇಣಿ

ಅಮೆರಿಕದ ಸೆಸ್ನಾ ಸಂಸ್ಥೆಯ ಸಿಟೇಶನ್ ವಿಮಾನವು 1969ರ ಸೆಪ್ಟೆಂಬರ್ 15ರಂದು ಮೊದಲು ಹಾರಿತು. ಮಾದರಿ 500ರಲ್ಲಿ ಪ್ರತಿ ಎಂಜಿನ್‌ಗೆ 2,200 ಪೌಂಡ್, ಉದ್ದ ಹೆಚ್ಚಿಸಿದ ಮಾದರಿ 550ರಲ್ಲಿ 2,500 ಪೌಂಡ್, ಸಿಟೇಶನ್-5 ಎನ್ನಲಾಗುವ ಮಾದರಿ 560ರಲ್ಲಿ 2,900 ಪೌಂಡ್ ನೂಕುಬಲವಿದೆ. ಮಾದರಿ 501 ಮತ್ತು 551 ವಿಮಾನಗಳು ಹೊರನೋಟಕ್ಕೆ 500 ಮತ್ತು 550ರಂತೆಯೇ ಕಂಡರೂ, ಒಬ್ಬನೇ ಚಾಲಕನು ನಡೆಸಬಹುದೆಂಬ ಪ್ರಮಾಣೀಕರಣವನ್ನು ಹೊಂದಿವೆ. ಮಾದರಿ 551ರಲ್ಲಿ ಇದಕ್ಕಾಗಿ ಗರಿಷ್ಠ ತೂಕವನ್ನು 12,500 ಪೌಂಡ್, ಅಂದರೆ 5,670 ಕಿಲೋಗ್ರಾಂಗೆ ಮಿತಿಗೊಳಿಸಲಾಗಿದೆ. ತೂಕ ಮಿತಿಗೊಂಡರೆ ಇಂಧನವಾಗಲಿ, ಪ್ರಯಾಣಿಕರಾಗಲಿ ಕಡಿಮೆಯಾಗಲೇಬೇಕು.

3.3 ಲಿಯರ್‌ಜೆಟ್ ಶ್ರೇಣಿ

ಏರ್ ಆಂಬುಲೆನ್ಸ್ ಸೇವೆಯಲ್ಲಿ ಜಗತ್ತಿನಾದ್ಯಂತ ಹೆಚ್ಚು ಪರಿಚಿತವಾದ ಹೆಸರು ಲಿಯರ್‌ಜೆಟ್. ಮಾದರಿ 25ರವರೆಗೆ ಟರ್ಬೊಜೆಟ್ ಎಂಜಿನ್‌ಗಳಿದ್ದವು. 1970ರ ದಶಕದ ಮಾದರಿ 35 ಮತ್ತು 36ರಲ್ಲಿ 3,500 ಪೌಂಡ್ ನೂಕುಬಲದ ಟಿ.ಎಫ್.ಇ.-731 ಟರ್ಬೊಫ್ಯಾನ್ ಅಳವಡಿಸಲಾಯಿತು. ಈ ಎರಡರ ನಡುವಿನ ಮುಖ್ಯ ವ್ಯತ್ಯಾಸವು ಒಡಲಿನ ಇಂಧನ ತೊಟ್ಟಿಯಲ್ಲಿದೆ. ಮಾದರಿ 36ರಲ್ಲಿ ದೊಡ್ಡ ತೊಟ್ಟಿ ಇರುವುದರಿಂದ ಅದು ಹೆಚ್ಚು ದೂರ ಹಾರುತ್ತದೆ. ಆದರೆ ಒಳಗಿನ ಸ್ಥಳಾವಕಾಶ ಕಡಿಮೆ. ಮಾದರಿ 35ರಲ್ಲಿ ಸ್ಥಳ ಹೆಚ್ಚು, ದೂರ ಕಡಿಮೆ. ಸ್ಟ್ರೆಚರ್, ವೈದ್ಯರು, ಶುಶ್ರೂಷಕರು ಮತ್ತು ಒಬ್ಬ ಬಂಧು ಇಷ್ಟೂ ಮಂದಿಗೆ ಸ್ಥಳ ಬೇಕಾದಾಗ ಈ ಒಂದು ಅಂಕಿಯ ವ್ಯತ್ಯಾಸ ಬಹಳ ಮುಖ್ಯವಾಗುತ್ತದೆ.

3.4 ಗಲ್ಫ್‌ಸ್ಟ್ರೀಮ್ ಶ್ರೇಣಿ

ದೊಡ್ಡ ಗಾತ್ರದ ಗಲ್ಫ್‌ಸ್ಟ್ರೀಮ್-2 (ಮೊದಲ ಹಾರಾಟ 1966) ಮತ್ತು ಗಲ್ಫ್‌ಸ್ಟ್ರೀಮ್-3 (1979) ವಿಮಾನಗಳಲ್ಲಿ ರೋಲ್ಸ್ ರಾಯ್ಸ್ ಸಂಸ್ಥೆಯ ಸ್ಪೇ ಎಂಜಿನ್ ಇದೆ. ಮೂರನೆಯದರಲ್ಲಿ ವಿಂಗ್‌ಲೆಟ್ ಸೇರಿತು. ಗಲ್ಫ್‌ಸ್ಟ್ರೀಮ್-4 (1985) ಮಾದರಿಯಲ್ಲಿ ಕಡಿಮೆ ಶಬ್ದದ ಟೇ ಎಂಜಿನ್ ಹಾಗೂ ಪರದೆಗಳುಳ್ಳ ಚಾಲಕ ಕೋಣೆ ಬಂದವು. ಅಮೆರಿಕದಲ್ಲಿ 75,000 ಪೌಂಡ್‌ವರೆಗಿನ ತೂಕದ, ಹಳೆಯ ಶಬ್ದಮಟ್ಟದ ಜೆಟ್ ವಿಮಾನಗಳ ಹಾರಾಟವನ್ನು 2015ರ ಡಿಸೆಂಬರ್ 31ರ ನಂತರ ನಿಷೇಧಿಸಲಾಯಿತು. ಇದರಿಂದಾಗಿ ಶಬ್ದ ತಗ್ಗಿಸುವ ಸಾಧನ ಅಳವಡಿಸದ ಹಳೆಯ ವಿಮಾನಗಳ ಮೌಲ್ಯ ಕುಸಿಯಿತು. ಅಗ್ಗವಾಗಿ ದೊರೆಯುವ ಹಳೆಯ ವಿಮಾನದ ಬೆಲೆಯ ಹಿಂದೆ ಇಂತಹ ಕಾರಣಗಳೂ ಇರುತ್ತವೆ.

4. ವ್ಯವಸ್ಥೆವಾರು ವ್ಯತ್ಯಾಸಗಳು

4.1 ಎಂಜಿನ್ ಮತ್ತು ರನ್‌ವೇ ಉದ್ದ

ಹಾಸನವು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಬಿಸಿಲು ಹೆಚ್ಚಿದಂತೆ ಇನ್ನಷ್ಟು ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ಎಂಜಿನ್‌ನ ನೂಕುಬಲವೂ, ರೆಕ್ಕೆಯ ಎತ್ತುವ ಬಲವೂ ಕಡಿಮೆಯಾಗುತ್ತವೆ. ಆದ್ದರಿಂದ ಮಂಗಳೂರಿನಂತಹ ಕರಾವಳಿಯ ಹವೆಗೆ ಲೆಕ್ಕ ಹಾಕಿದ ರನ್‌ವೇ ಉದ್ದವು ಮೈಸೂರು ಅಥವಾ ಹಾಸನದ ಎತ್ತರಕ್ಕೆ ಸಾಲದು. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್ ಇದ್ದು, ಮಂಗಳೂರಿನದು 2,450 ಮೀಟರ್ ಇದೆ. ಕಡಿಮೆ ನೂಕುಬಲದ ಹಳೆಯ ಮಾದರಿಯು ಮೈಸೂರಿನಲ್ಲಿ ಇಳಿಯಬಲ್ಲದಾದರೂ, ಮಧ್ಯಾಹ್ನದ ಬಿಸಿಲಿನಲ್ಲಿ ಪೂರ್ಣ ಇಂಧನದೊಂದಿಗೆ ಹೊರಡಲು ಸಾಧ್ಯವಾಗದಿರಬಹುದು. ಆಗ ಇಂಧನ ಕಡಿಮೆ ಮಾಡಿ, ದಾರಿಯಲ್ಲಿ ಒಮ್ಮೆ ಇಳಿದು ತುಂಬಿಸಿಕೊಳ್ಳಬೇಕಾಗುತ್ತದೆ. ರೋಗಿಯ ಪಾಲಿಗೆ ಇದು ಹೆಚ್ಚುವರಿ ಇಳಿತ, ಹೆಚ್ಚುವರಿ ಸಮಯ.

4.2 ಬ್ರೇಕ್ ಮತ್ತು ಥ್ರಸ್ಟ್ ರಿವರ್ಸರ್

ಇಳಿದ ನಂತರ ಎಂಜಿನ್‌ನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಸಾಧನಕ್ಕೆ ಥ್ರಸ್ಟ್ ರಿವರ್ಸರ್ ಎನ್ನುತ್ತಾರೆ. ಚಕ್ರಗಳು ಜಾರದಂತೆ ಬ್ರೇಕ್ ಒತ್ತಡವನ್ನು ಹತೋಟಿಯಲ್ಲಿಡುವ ವ್ಯವಸ್ಥೆ ಆಂಟಿ-ಸ್ಕಿಡ್. ಹಳೆಯ ಸಣ್ಣ ಜೆಟ್‌ಗಳಲ್ಲಿ ಇವು ಕೆಲವು ವಿಮಾನಗಳಲ್ಲಿ ಇರುತ್ತವೆ, ಕೆಲವುಗಳಲ್ಲಿ ಇರುವುದಿಲ್ಲ. ಮಲೆನಾಡಿನ ಅಂಚಿನಲ್ಲಿರುವ ಈ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರನ್‌ವೇ ನೆನೆದಿರುವುದೇ ಹೆಚ್ಚು. ಮಳೆಗಾಲದ ಹಾರಾಟದಲ್ಲಿ ಈ ಎರಡು ಉಪಕರಣಗಳ ಇರುವಿಕೆ ವಿಶೇಷ ಮಹತ್ವ ಪಡೆಯುತ್ತದೆ.

4.3 ಮಂಜುಗಡ್ಡೆ ನಿವಾರಣೆ

ಹಾಸನದಲ್ಲಿ ಹಿಮ ಬೀಳದಿದ್ದರೂ 20,000 ಅಡಿ ಎತ್ತರದ ಮುಂಗಾರು ಮೋಡದೊಳಗೆ ರೆಕ್ಕೆಯ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಇದನ್ನು ನಿವಾರಿಸಲು ಮೂರು ವಿಧಾನಗಳಿವೆ. ಎಚ್.ಎಸ್.-125 ಶ್ರೇಣಿಯಲ್ಲಿ ರೆಕ್ಕೆಯ ಅಂಚಿನ ಸೂಕ್ಷ್ಮ ರಂಧ್ರಗಳಿಂದ ದ್ರವವನ್ನು ಒಸರಿಸಲಾಗುತ್ತದೆ. ಸಿಟೇಶನ್-5 ಮಾದರಿಯಲ್ಲಿ ಗಾಳಿಯಿಂದ ಉಬ್ಬುವ ರಬ್ಬರ್ ಪಟ್ಟಿಗಳು ಮಂಜುಗಡ್ಡೆಯನ್ನು ಒಡೆಯುತ್ತವೆ. ಅದೇ ಕುಟುಂಬದ ಎಸ್-2 ಮಾದರಿಯಲ್ಲಿ ದ್ರವದ ವಿಧಾನವಿದ್ದರೆ, 2000ದ ಸುಮಾರಿಗೆ ಬಂದ ಎನ್ಕೋರ್ ಮಾದರಿಯಲ್ಲಿ ಎಂಜಿನ್‌ನ ಬಿಸಿ ಗಾಳಿಯಿಂದ ರೆಕ್ಕೆಯ ಅಂಚನ್ನು ಕಾಯಿಸಲಾಗುತ್ತದೆ. ದ್ರವದ ವಿಧಾನವಿರುವ ವಿಮಾನದಲ್ಲಿ ತೊಟ್ಟಿ ಬರಿದಾದರೆ ರಕ್ಷಣೆಯೂ ಮುಗಿಯಿತು. ಹೊರಡುವ ಮುನ್ನ ದ್ರವದ ಮಟ್ಟ ನೋಡುವುದು ಕಡ್ಡಾಯ. ರಬ್ಬರ್ ಪಟ್ಟಿಗಳಿರುವ ವಿಮಾನದಲ್ಲಿ ಬಿಸಿಲಿಗೆ ರಬ್ಬರ್ ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು. ಒಂದು ಮಾದರಿಯ ಅಭ್ಯಾಸವನ್ನು ಇನ್ನೊಂದಕ್ಕೆ ಅನ್ವಯಿಸಲಾಗದು.

4.4 ವಿದ್ಯುತ್ ವ್ಯವಸ್ಥೆ

ಈ ವಿಮಾನಗಳಲ್ಲಿ ಸಾಮಾನ್ಯವಾಗಿ 28 ವೋಲ್ಟ್ ನೇರ ವಿದ್ಯುತ್ ಇರುತ್ತದೆ. ಅದನ್ನು ಇನ್ವರ್ಟರ್ ಮೂಲಕ 115 ವೋಲ್ಟ್, 400 ಹರ್ಟ್ಸ್ ಪರ್ಯಾಯ ವಿದ್ಯುತ್ತಾಗಿ ಪರಿವರ್ತಿಸಿ ಕೆಲವು ಉಪಕರಣಗಳಿಗೆ ನೀಡಲಾಗುತ್ತದೆ. ಆಸ್ಪತ್ರೆಯ ವೆಂಟಿಲೇಟರ್ ಮತ್ತು ಮಾನಿಟರ್‌ಗಳು ನಮ್ಮ ಮನೆಗಳಲ್ಲಿರುವ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತಿಗೆ ತಯಾರಾದವು. ಆದ್ದರಿಂದ ಆಸ್ಪತ್ರೆಯ ಉಪಕರಣವನ್ನು ವಿಮಾನದ ಸಾಕೆಟ್‌ಗೆ ನೇರವಾಗಿ ಜೋಡಿಸಲಾಗದು. ವೈದ್ಯಕೀಯ ಸಾಗಾಣಿಕೆಗೆ ಸಿದ್ಧಪಡಿಸಿದ ವಿಮಾನದಲ್ಲಿ ಪ್ರತ್ಯೇಕ ಇನ್ವರ್ಟರ್, ಆಮ್ಲಜನಕದ ಸಂಪರ್ಕ ಮತ್ತು ನೆಲಕ್ಕೆ ಬಿಗಿದ ಸ್ಟ್ರೆಚರ್ ಘಟಕವನ್ನು ಅನುಮೋದಿತ ರೀತಿಯಲ್ಲಿ ಅಳವಡಿಸಿರಲಾಗುತ್ತದೆ. ಅದೇ ಮಾದರಿಯ ಪ್ರಯಾಣಿಕ ವಿಮಾನದಲ್ಲಿ ಇವು ಇರುವುದಿಲ್ಲ. ನೆಲದಲ್ಲಿ ನಿಂತಾಗ ವಿದ್ಯುತ್ ಮತ್ತು ತಂಪು ಗಾಳಿ ಒದಗಿಸುವ ಸಹಾಯಕ ಎಂಜಿನ್ ಸಹ ಎಲ್ಲ ಸಣ್ಣ ಜೆಟ್‌ಗಳಲ್ಲಿ ಇರುವುದಿಲ್ಲ. ರೋಗಿಯನ್ನು ಬಿಸಿಲಿನಲ್ಲಿ ಕಾಯಿಸಬೇಕಾದ ಸಂದರ್ಭದಲ್ಲಿ ಈ ಅಂಶ ಗಮನಾರ್ಹ.

4.5 ಒಳಾಂಗಣದ ಗಾಳಿಯ ಒತ್ತಡ ಮತ್ತು ಆಮ್ಲಜನಕ

ವಿಮಾನ 40,000 ಅಡಿ ಎತ್ತರದಲ್ಲಿ ಹಾರುವಾಗ ಒಳಗಿನ ಒತ್ತಡವು ಬೆಟ್ಟದ ಮೇಲಿನ ಊರಿನಲ್ಲಿ ಇರುವಷ್ಟು ಇರುತ್ತದೆ. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಎದೆಯ ಪೊರೆಯಲ್ಲಿ ಗಾಳಿ ಸೇರಿಕೊಂಡಿರುವ ಅಥವಾ ತಲೆಗೆ ಪೆಟ್ಟಾಗಿರುವ ರೋಗಿಗಳಿಗೆ ಒತ್ತಡದ ಇಳಿಕೆ ಅಪಾಯಕಾರಿ. ಇಂತಹವರಿಗಾಗಿ ಒಳಗೆ ನೆಲಮಟ್ಟದ ಒತ್ತಡವನ್ನೇ ಕಾಯ್ದುಕೊಳ್ಳಬೇಕಾದರೆ ವಿಮಾನವು ಸುಮಾರು 20,000 ಅಡಿಯ ಆಸುಪಾಸಿನಲ್ಲಿ ಹಾರಬೇಕಾಗುತ್ತದೆ. ನಿಖರವಾದ ಎತ್ತರವು ಆಯಾ ಮಾದರಿಯ ಒಡಲು ತಡೆಯಬಲ್ಲ ಒತ್ತಡವನ್ನು ಅವಲಂಬಿಸಿದೆ. ಕೆಳಗೆ ಹಾರಿದರೆ ಇಂಧನ ಹೆಚ್ಚು ವ್ಯಯವಾಗಿ ತಲುಪುವ ದೂರ ಕಡಿಮೆಯಾಗುತ್ತದೆ.

ಈ ವ್ಯವಸ್ಥೆ ವಿಫಲವಾದರೆ ಏನಾಗಬಹುದು ಎಂಬುದಕ್ಕೆ 1999ರ ಅಕ್ಟೋಬರ್ 25ರ ಘಟನೆ ಉದಾಹರಣೆ. ಪ್ರಸಿದ್ಧ ಗಾಲ್ಫ್ ಆಟಗಾರ ಪೇನ್ ಸ್ಟೀವರ್ಟ್ ಅವರಿದ್ದ ಲಿಯರ್‌ಜೆಟ್ 35 ವಿಮಾನ ಅಮೆರಿಕದ ಒರ್ಲಾಂಡೊದಿಂದ ಹೊರಟ ಬಳಿಕ ಒಳಗಿನ ಒತ್ತಡ ಕಳೆದುಕೊಂಡಿತು. ಚಾಲಕರು ಪ್ರಜ್ಞೆ ತಪ್ಪಿದರು. ವಿಮಾನ ಆಟೊಪೈಲಟ್‌ನಲ್ಲಿಯೇ ಗಂಟೆಗಳ ಕಾಲ ಹಾರಿ, ಇಂಧನ ಮುಗಿದು ದಕ್ಷಿಣ ಡಕೋಟ ರಾಜ್ಯದಲ್ಲಿ ಪತನಗೊಂಡಿತು. ವಿಮಾನದಲ್ಲಿದ್ದ ಆರು ಮಂದಿಯೂ ಮೃತಪಟ್ಟರು. ಒತ್ತಡ ಏಕೆ ಕಡಿಮೆಯಾಯಿತು, ಚಾಲಕರಿಗೆ ಆಮ್ಲಜನಕ ಏಕೆ ದೊರೆಯಲಿಲ್ಲ ಎಂಬುದನ್ನು ತನಿಖೆಯಿಂದ ಖಚಿತವಾಗಿ ನಿರ್ಧರಿಸಲಾಗಲಿಲ್ಲ. ಆಮ್ಲಜನಕದ ಸಿಲಿಂಡರ್ ಮತ್ತು ಒತ್ತಡ ನಿಯಂತ್ರಕಗಳ ತಪಾಸಣೆಯ ದಿನಾಂಕಗಳು ಕೇವಲ ಕಾಗದದ ವಿಷಯವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

4.6 ಎತ್ತರಮಾಪಕ ಮತ್ತು ದಿಕ್ಸೂಚಿ ಉಪಕರಣಗಳು

ಭಾರತದ ವಾಯುಪ್ರದೇಶದಲ್ಲಿ 2003ರ ನವೆಂಬರ್ 27ರಿಂದ 29,000 ಅಡಿಯಿಂದ 41,000 ಅಡಿಯವರೆಗೆ ವಿಮಾನಗಳ ನಡುವಿನ ಲಂಬ ಅಂತರವನ್ನು 2,000 ಅಡಿಯಿಂದ 1,000 ಅಡಿಗೆ ಇಳಿಸಲಾಯಿತು. ಈ ಪದರದಲ್ಲಿ ಹಾರಲು ಎರಡು ಸ್ವತಂತ್ರ ಎತ್ತರಮಾಪಕ ವ್ಯವಸ್ಥೆಗಳು, ಎತ್ತರವನ್ನು ಕಾಯ್ದುಕೊಳ್ಳುವ ಆಟೊಪೈಲಟ್, ಎಚ್ಚರಿಕೆ ಸಾಧನ ಮತ್ತು ಟ್ರಾನ್ಸ್‌ಪಾಂಡರ್ ಅಗತ್ಯ. ಹಳೆಯ ವಿಮಾನಗಳಲ್ಲಿ ಇವುಗಳನ್ನು ನಂತರ ಅಳವಡಿಸಿ ಅನುಮೋದನೆ ಪಡೆಯಲಾಗಿದೆ. ಅನುಮೋದನೆಯಿಲ್ಲದ ವಿಮಾನವು ಸಾಮಾನ್ಯವಾಗಿ 29,000 ಅಡಿಗಿಂತ ಕೆಳಗೆ ಉಳಿಯಬೇಕಾಗುತ್ತದೆ.

ಈ ವಿಷಯದಲ್ಲಿ ಹಾಸನಕ್ಕೆ ನೇರ ಸಂಬಂಧವಿದೆ. ಉಪಗ್ರಹದ ನೆರವಿನಿಂದ ವಿಮಾನದ ಸ್ಥಾನವನ್ನು ಹೆಚ್ಚು ನಿಖರವಾಗಿ ತಿಳಿಸುವ ಗಗನ್ ವ್ಯವಸ್ಥೆಯ ಉಪಕರಣಗಳನ್ನು ಜಿಸ್ಯಾಟ್-8 (2011), ಜಿಸ್ಯಾಟ್-10 (2012) ಮತ್ತು ಜಿಸ್ಯಾಟ್-15 (2015) ಉಪಗ್ರಹಗಳಲ್ಲಿ ಕಳುಹಿಸಲಾಯಿತು. ಈ ಭೂಸ್ಥಿರ ಉಪಗ್ರಹಗಳ ನಿಯಂತ್ರಣವು 1982ರಲ್ಲಿ ಹಾಸನದಲ್ಲಿ ಸ್ಥಾಪನೆಯಾದ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರದ ಹೊಣೆಯಾಗಿದೆ. 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಎ.ಟಿ.ಆರ್.-72 ವಿಮಾನವೊಂದು ಗಗನ್ ನೆರವಿನಿಂದ ಇಳಿಯಿತು. ನೆಲದ ಮೇಲೆ ದುಬಾರಿ ಉಪಕರಣಗಳಿಲ್ಲದ ಸಣ್ಣ ವಿಮಾನ ನಿಲ್ದಾಣಗಳಿಗೆ ಇದು ಉಪಯುಕ್ತ. ಆದರೆ ಆಕಾಶದಿಂದ ಸಂಕೇತ ಬಂದರೆ ಸಾಲದು, ಅದನ್ನು ಸ್ವೀಕರಿಸುವ ಉಪಕರಣ ವಿಮಾನದಲ್ಲಿಯೂ ಇರಬೇಕು. 1980ರ ದಶಕದ ವಿಮಾನದಲ್ಲಿ ಅದನ್ನು ಪ್ರತ್ಯೇಕವಾಗಿ ಅಳವಡಿಸದ ಹೊರತು ಈ ಸೌಲಭ್ಯ ದೊರೆಯುವುದಿಲ್ಲ.

4.7 ಅಪಾಯ ಸೂಚಕ ರೇಡಿಯೊ

ವಿಮಾನ ಅಪಘಾತಕ್ಕೀಡಾದಾಗ ತಾನಾಗಿಯೇ ಸಂಕೇತ ಕಳುಹಿಸುವ ಸಾಧನವು ಹಳೆಯ ವಿಮಾನಗಳಲ್ಲಿ 121.5 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತಿತ್ತು. 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಈ ಸಂಕೇತವನ್ನು ಸ್ವೀಕರಿಸುವುದಿಲ್ಲ. 406 ಮೆಗಾಹರ್ಟ್ಸ್ ಸಾಧನ ಮಾತ್ರ ಉಪಗ್ರಹಕ್ಕೆ ಕೇಳಿಸುತ್ತದೆ. ಭಾರತದಲ್ಲಿ ಈ ಸಂಕೇತಗಳನ್ನು ನಿರ್ವಹಿಸುವ ಕೇಂದ್ರವು ಬೆಂಗಳೂರಿನಲ್ಲಿದೆ. ಪಶ್ಚಿಮ ಘಟ್ಟದ ದಟ್ಟ ಕಾಡಿನ ಮೇಲೆ ಹಾರುವ ವಿಮಾನಕ್ಕೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ.

5. ಏರ್ ಆಂಬುಲೆನ್ಸ್ ಪಡೆಯುವವರು ಕೇಳಬೇಕಾದ ಪ್ರಶ್ನೆಗಳು

ಜೆಟ್ ವಿಮಾನ ತಾಲ್ಲೂಕು ಕೇಂದ್ರಕ್ಕೆ ಬರಲಾರದು. ಹೊಳೆನರಸೀಪುರ ಮತ್ತು ಅರಕಲಗೂಡು ಕಡೆಯ ರೋಗಿಯನ್ನು ಮೈಸೂರಿಗೆ, ಚನ್ನರಾಯಪಟ್ಟಣದ ರೋಗಿಯನ್ನು ಹೆದ್ದಾರಿಯ ಮೂಲಕ ಬೆಂಗಳೂರಿಗೆ ರಸ್ತೆಯಲ್ಲಿಯೇ ಸಾಗಿಸಬೇಕಾಗುತ್ತದೆ. ರಸ್ತೆಯ ಸಮಯ ಸೇರಿಸಿ ಲೆಕ್ಕ ಹಾಕಿದಾಗ ಹತ್ತಿರದ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸ್‌ನಲ್ಲಿ ತಲುಪುವುದೇ ಅನೇಕ ಸಂದರ್ಭಗಳಲ್ಲಿ ಶೀಘ್ರವಾಗಿರುತ್ತದೆ. ವಿಮಾನ ಉಪಯುಕ್ತವಾಗುವುದು ಹೈದರಾಬಾದ್, ಮುಂಬಯಿ, ದೆಹಲಿಯಂತಹ ದೂರದ ಊರುಗಳಿಗೆ. ವೈದ್ಯರ ಸಲಹೆಯಂತೆ ವಿಮಾನವೇ ಅಗತ್ಯವೆನಿಸಿದಲ್ಲಿ ಈ ಕೆಳಕಂಡ ವಿಷಯಗಳನ್ನು ಕೇಳಿ ತಿಳಿದುಕೊಳ್ಳುವುದು ಸೂಕ್ತ.

1) ವಿಮಾನದ ಪೂರ್ಣ ಮಾದರಿ ಮತ್ತು ನೋಂದಣಿ ಸಂಖ್ಯೆ ಯಾವುದು? ಬರುವುದಾಗಿ ತಿಳಿಸಿದ ವಿಮಾನವೇ ಬರುತ್ತದೆಯೇ?
2) ಸಂಸ್ಥೆಯು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ ಬಾಡಿಗೆ ಹಾರಾಟಕ್ಕೆ ಪರವಾನಗಿ ಪಡೆದಿದೆಯೇ? ಖಾಸಗಿ ಬಳಕೆಗೆ ಮಾತ್ರ ನೋಂದಣಿಯಾದ ವಿಮಾನವನ್ನು ಬಾಡಿಗೆಗೆ ನೀಡುವಂತಿಲ್ಲ.
3) ಸ್ಟ್ರೆಚರ್ ಘಟಕ ಬಿಗಿಯಾಗಿ ಅಳವಡಿಸಲ್ಪಟ್ಟಿದೆಯೇ? ಬಾಗಿಲಿನ ಮೂಲಕ ರೋಗಿಯನ್ನು ಮಲಗಿದ ಸ್ಥಿತಿಯಲ್ಲಿಯೇ ಒಳಗೆ ತರಬಹುದೇ?
4) ವೆಂಟಿಲೇಟರ್‌ಗೆ ವಿದ್ಯುತ್ ಮತ್ತು ಪೂರ್ಣ ಪ್ರಯಾಣಕ್ಕೆ ಸಾಕಾಗುವ ಆಮ್ಲಜನಕ ಇದೆಯೇ?
5) ಅಗತ್ಯವಿದ್ದಲ್ಲಿ ಒಳಗೆ ನೆಲಮಟ್ಟದ ಒತ್ತಡ ಕಾಯ್ದುಕೊಂಡು ಹಾರಬಹುದೇ? ಹಾಗೆ ಹಾರಿದರೆ ಮಧ್ಯೆ ಇಳಿಯಬೇಕೇ?
6) ವೈದ್ಯರೊಂದಿಗೆ ಎಷ್ಟು ಮಂದಿ ಬಂಧುಗಳು ಪ್ರಯಾಣಿಸಬಹುದು?
7) ತಿಳಿಸಿದ ದರದಲ್ಲಿ ವಿಮಾನವು ಬರುವ ಖಾಲಿ ಹಾರಾಟ, ನಿಲ್ದಾಣದ ಶುಲ್ಕ ಮತ್ತು ಎರಡೂ ಕಡೆಯ ರಸ್ತೆ ಆಂಬುಲೆನ್ಸ್ ಸೇರಿವೆಯೇ?

ಈ ಪ್ರಶ್ನೆಗಳಿಗೆ ಉತ್ತರವನ್ನು ಲಿಖಿತವಾಗಿ ಪಡೆಯುವುದು ಉತ್ತಮ.

6. ವಿದ್ಯಾರ್ಥಿಗಳ ಗಮನಕ್ಕೆ

ವಿಮಾನ ನಿರ್ವಹಣಾ ಎಂಜಿನಿಯರ್ ಆಗಲು ಬಯಸುವ ಈ ಭಾಗದ ವಿದ್ಯಾರ್ಥಿಗಳು ಒಂದು ಅಂಶವನ್ನು ತಿಳಿದಿರಬೇಕು. ಮೂಲ ಪರವಾನಗಿಯಲ್ಲಿ ಯಂತ್ರ ಮತ್ತು ಒಡಲಿಗೆ ಬಿ-1, ವಿದ್ಯುತ್ ಹಾಗೂ ದಿಕ್ಸೂಚಿ ಉಪಕರಣಗಳಿಗೆ ಬಿ-2 ಎಂಬ ವರ್ಗಗಳಿವೆ. ಅದರ ಮೇಲೆ ವಿಮಾನದ ಮಾದರಿ ಮತ್ತು ಎಂಜಿನ್ ಎರಡನ್ನೂ ಹೆಸರಿಸಿ ಅನುಮತಿ ನಮೂದಿಸಲಾಗುತ್ತದೆ. ಟಿ.ಎಫ್.ಇ.-731 ಎಂಜಿನ್‌ನ 800ನೇ ಸರಣಿಗೆ ಅನುಮತಿ ಪಡೆದವರು, ಹೊರನೋಟಕ್ಕೆ ಹೋಲುವ 1000ನೇ ಸರಣಿಯ ವಿಮಾನಕ್ಕೆ ಸಹಿ ಮಾಡುವಂತಿಲ್ಲ. ವಿಮಾನವು ಹಾರಲು ಯೋಗ್ಯವೆಂದು ಸಹಿ ಮಾಡುವವರ ಹೊಣೆಗಾರಿಕೆ ಅಷ್ಟು ನಿರ್ದಿಷ್ಟವಾಗಿದೆ.

7. ಹಳೆಯ ವಿಮಾನ ಎಂದರೆ ಅಸುರಕ್ಷಿತವೇ?

ಹಾಗೇನೂ ಇಲ್ಲ. ವಿಮಾನದ ವಯಸ್ಸಿಗಿಂತ ಅದರ ನಿರ್ವಹಣೆ ಮುಖ್ಯ. ತಯಾರಕರ ಸೂಚನೆಗಳು ಮತ್ತು ಸರ್ಕಾರದ ವಾಯುಯೋಗ್ಯತಾ ನಿರ್ದೇಶನಗಳನ್ನು ಪಾಲಿಸಿ, ದಾಖಲೆ ಪುಸ್ತಕಗಳನ್ನು ಸರಿಯಾಗಿ ಇಟ್ಟಿರುವ ಹಳೆಯ ವಿಮಾನ ಸುರಕ್ಷಿತವಾಗಿ ಹಾರಬಲ್ಲದು. ಆದರೆ ಲೆಕ್ಕಪತ್ರದ ದೃಷ್ಟಿಯಿಂದ ನೋಡಿದಲ್ಲಿ ಇದರ ಖರೀದಿ ಬೆಲೆ ಕಡಿಮೆ, ನಿರ್ವಹಣಾ ವೆಚ್ಚ ಹೆಚ್ಚು. ಎಂಜಿನ್ ಕೂಲಂಕಷ ದುರಸ್ತಿ, ತುಕ್ಕು ತಪಾಸಣೆ, ತಯಾರಿಕೆ ನಿಂತಿರುವ ಬಿಡಿಭಾಗಗಳ ಹುಡುಕಾಟ ಇವೆಲ್ಲವೂ ಪ್ರತಿ ಗಂಟೆಯ ಹಾರಾಟದ ಖರ್ಚಿಗೆ ಸೇರುತ್ತವೆ. ಮಾರುಕಟ್ಟೆಗಿಂತ ತೀರಾ ಕಡಿಮೆ ದರ ಹೇಳಿದಲ್ಲಿ ಯಾವ ಖರ್ಚನ್ನು ಬಿಡಲಾಗಿದೆ ಎಂದು ವಿಚಾರಿಸುವುದು ಗ್ರಾಹಕರ ಹಕ್ಕು.

8. ಮುಕ್ತಾಯ

ಭಾರತದಲ್ಲಿ 1934ರ ವಿಮಾನ ಅಧಿನಿಯಮದ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮ 2024 ದಿನಾಂಕ 1-1-2025ರಿಂದ ಜಾರಿಗೆ ಬಂದಿದೆ. ವಿಮಾನಗಳ ನೋಂದಣಿ, ವಾಯುಯೋಗ್ಯತೆ ಮತ್ತು ಪರವಾನಗಿ ವಿಷಯಗಳು ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ವ್ಯಾಪ್ತಿಗೆ ಸೇರಿವೆ. ಈ ಲೇಖನವು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ನಿರ್ದಿಷ್ಟ ವಿಮಾನದ ಬಗ್ಗೆ ಅದರ ಕೈಪಿಡಿ ಮತ್ತು ದಾಖಲೆಗಳೇ ಅಂತಿಮ.

ವಿಮಾನದ ಹೆಸರಿನ ಮುಂದಿನ ಅಂಕಿ ಮತ್ತು ಅಕ್ಷರಗಳು ಅಲಂಕಾರಕ್ಕಾಗಿ ಇಲ್ಲ. ಎಷ್ಟು ದೂರ ಹಾರಬಹುದು, ಎಲ್ಲಿ ಇಳಿಯಬಹುದು, ಒಳಗೆ ಮಲಗಿರುವ ರೋಗಿಗೆ ಉಸಿರಾಟದ ನೆರವು ದೊರೆಯುವುದೇ ಎಂಬುದನ್ನು ಅವು ಸೂಚಿಸುತ್ತವೆ. ಆದ್ದರಿಂದ ಸಾರ್ವಜನಿಕರು ತುರ್ತಿನ ಗಳಿಗೆಯಲ್ಲಿಯೂ ಎರಡು ನಿಮಿಷ ಬಿಡುವು ಮಾಡಿಕೊಂಡು ಪೂರ್ಣ ಮಾದರಿಯನ್ನು ಕೇಳಿ, ಬರೆದಿಟ್ಟುಕೊಂಡು, ಚಿಕಿತ್ಸೆ ನೀಡುತ್ತಿರುವ ವೈದ್ಯರೊಂದಿಗೆ ಚರ್ಚಿಸಿದ ನಂತರವೇ ಮುಂದುವರಿಯಬೇಕೆಂದು ಕೋರಲಾಗಿದೆ.